ರಿಗ್ ಎಳೆಯುವ ಗಾಡಿ ಆರಿಸುವಾಗ ಲೆಕ್ಕ ಹಿಂದಿನಿಂದ ಶುರು ಮಾಡಿ

"ರಿಗ್ ಎಳೆಯೋಕೆ ಯಾವ ಗಾಡಿ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ರಿಗ್ ತೂಕ ಎಷ್ಟು? (ರಿಗ್ ಅಂದರೆ ಇಲ್ಲಿ ಕಲ್ಲು ದಾರಿಯಲ್ಲಿ ಓಡಿಸಲೆಂದು ಸಜ್ಜು ಮಾಡಿದ ಜೀಪಿನಂಥ ವಾಹನ. ಗಾಡಿ ಅಂದರೆ ಅದನ್ನು ಟ್ರೇಲರ್ ಮೇಲಿಟ್ಟು ಎಳೆಯುವ ವಾಹನ.) ಹೆಚ್ಚಿನವರು ಕಂಪನಿ ಪುಸ್ತಕದ ಅಂಕಿ ಹೇಳುತ್ತಾರೆ. ಅದು ರಿಗ್ ಶೋರೂಮಿನಿಂದ ಹೊರಗೆ ಬಂದ ದಿನದ ತೂಕ. ಆಮೇಲೆ ಹಾಕಿಸಿದ ವಿಂಚು (ಹಗ್ಗ ಸುತ್ತಿ ಎಳೆಯುವ ಯಂತ್ರ), ಕಬ್ಬಿಣದ ಬಂಪರ್, ಹೊಟ್ಟೆ ಕೆಳಗಿನ ಸ್ಕಿಡ್ ಪ್ಲೇಟು, ದಪ್ಪ ಟೈರು, ಟೂಲ್ ಬಾಕ್ಸು ಯಾವುದೂ ಅದರಲ್ಲಿ ಸೇರಿಲ್ಲ.

ಸಾಮಾನ್ಯವಾಗಿ ಜನ ಎಂಜಿನ್‌ನಿಂದ ಶುರು ಮಾಡುತ್ತಾರೆ. ಇಷ್ಟು ಅಶ್ವಶಕ್ತಿ, ಇಷ್ಟು ಟಾರ್ಕು, ಇಷ್ಟು ಟನ್ ಎಳೆಯುತ್ತದೆ ಅಂತ. ನಾನು ಉಲ್ಟಾ ಹೋಗುತ್ತೇನೆ. ಮೊದಲು ರಿಗ್, ಆಮೇಲೆ ಟ್ರೇಲರ್, ಆಮೇಲೆ ಹಿಚ್ (ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರ, ಕೊನೆಗೆ ಗಾಡಿ. ಈ ಸಾಲಿನಲ್ಲಿ ಹೋದರೆ ಗಾಡಿ ಬಹುಮಟ್ಟಿಗೆ ತಾನಾಗಿಯೇ ಆಯ್ಕೆಯಾಗುತ್ತದೆ.

ನನ್ನ ರಿಗ್ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್. 37 ಇಂಚಿನ ಟೈರು, ಎರಡೂ ಆಕ್ಸಲ್‌ಗೆ ಲಾಕರ್ (ಎರಡು ಪಕ್ಕದ ಚಕ್ರವೂ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ), ಮುಂದೆ ವಿಂಚು. ಹೊಸದಾಗಿದ್ದಾಗ ಸುಮಾರು 2,000 ಕೆಜಿ ಇತ್ತು. ಈಗ ಟ್ಯಾಂಕ್ ತುಂಬಿಸಿ, ಸ್ಟೆಪ್ನಿ, ಹಗ್ಗ, ಸ್ಪ್ಯಾನರ್ ಎಲ್ಲ ಇಟ್ಟು ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ 2,350 ತೋರಿಸುತ್ತದೆ. ಕೆಳಗಿನ ಲೆಕ್ಕವೆಲ್ಲ ಈ ತೂಕದ್ದು. ನಿಮ್ಮದು ಸುಜುಕಿ ಜಿಮ್ನಿ ಥರದ್ದಾದರೆ ಇದರ ಅರ್ಧದಷ್ಟಿರಬಹುದು, ಆಗ ಇಡೀ ಕಥೆ ಹಗುರವಾಗುತ್ತದೆ. ಅಂದಾಜು ಮಾತ್ರ ಬೇಡ. ಓಡಾಡಲು ಹೊರಡುವ ದಿನ ಹೇಗಿರುತ್ತದೋ ಹಾಗೇ ತೂಗಿಸಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರಿಗ್‌ಗೆ ಟ್ರೇಲರ್ ಬೇಕಾಗುವುದು ಹೋಗುವಾಗ ಅಲ್ಲ, ಬರುವಾಗ. ಕಲ್ಲಿನ ದಾರಿಯಲ್ಲಿ ಆಕ್ಸಲ್ ಶಾಫ್ಟ್ ಮುರಿದಿರುತ್ತದೆ, ಟೈ ರಾಡ್ ಬಾಗಿರುತ್ತದೆ, ರೇಡಿಯೇಟರ್ ಸೋರುತ್ತಿರುತ್ತದೆ. ಆ ಸ್ಥಿತಿಯಲ್ಲಿರುವ ರಿಗ್ ಅನ್ನು ಮನೆಗೆ ತರಲು ಆಗುತ್ತಾ ಅನ್ನುವುದೇ ನನಗೆ ಪ್ರತಿ ಸಾಮಾನಿನ ಪರೀಕ್ಷೆ.

ಟ್ರೇಲರ್

ಎರಡು ಆಕ್ಸಲ್‌ನ, ಸುಮಾರು ಐದೂವರೆ ಮೀಟರ್ ಹಲಗೆಯ ಕಬ್ಬಿಣದ ಟ್ರೇಲರ್ ಖಾಲಿ ಇದ್ದಾಗಲೇ 900-1,000 ಕೆಜಿ ಇರುತ್ತದೆ. ನನ್ನದು 950. ಅಲ್ಯೂಮಿನಿಯಂ ತಗೊಂಡರೆ 200-300 ಕೆಜಿ ಉಳಿಯುತ್ತದೆ. ಗಾಡಿ ಸ್ವಲ್ಪ ಚಿಕ್ಕದಿದ್ದರೆ ಆ ದುಡ್ಡು ವ್ಯರ್ಥವಲ್ಲ.

ಅಳತೆ ತೆಗೆಯುವಾಗ ಉದ್ದದ ಮೇಲೆ ಗಮನ ಹೋಗುತ್ತದೆ, ಅಗಲ ಮರೆತುಹೋಗುತ್ತದೆ. ಟ್ರೇಲರ್‌ನ ಎರಡು ಮಡ್‌ಗಾರ್ಡ್‌ಗಳ ನಡುವೆ ಸಾಮಾನ್ಯವಾಗಿ 2.1 ಮೀಟರ್ ಜಾಗ ಇರುತ್ತದೆ. ಅಗಲ ಟೈರು, ಹೊರಗೆ ಚಾಚಿದ ರಿಮ್ ಹಾಕಿದ ರಿಗ್ ಅಲ್ಲಿ ಹಿಡಿಸದೇ ಇರಬಹುದು. ಟೈರಿನ ಹೊರ ಉಬ್ಬಿನಿಂದ ಹೊರ ಉಬ್ಬಿಗೆ ಟೇಪ್ ಹಿಡಿದು ನೋಡಿ. ಹಿಡಿಸದಿದ್ದರೆ ಮೇಲೆ ಹತ್ತಿಸಬಹುದಾದ ಗಟ್ಟಿ ಮಡ್‌ಗಾರ್ಡ್ ಇರುವುದನ್ನೇ ಕೇಳಿ. ಚಕ್ರದ ಮೇಲೆಯೇ ಹಲಗೆ ಇರುವ ಎತ್ತರದ ಟ್ರೇಲರ್ ನನಗೆ ಇಷ್ಟವಿಲ್ಲ. ರಿಗ್ ಮೊದಲೇ ಎತ್ತರ, ಅದನ್ನು ಇನ್ನೂ ಮೇಲೆ ಕೂರಿಸಿದರೆ ಅಡ್ಡಗಾಳಿಗೆ ಇಡೀ ಜೋಡಿ ತೂಗಾಡುತ್ತದೆ.

ಎಲ್ಲ ಚಕ್ರಕ್ಕೂ ಬ್ರೇಕ್ ಇರಲಿ, ಒಂದು ಆಕ್ಸಲ್‌ಗೆ ಮಾತ್ರ ಇರುವುದು ಬೇಡ. ಹಗ್ಗ ಕಟ್ಟುವ ಬಳೆಗಳು ಬರೀ ಹಲಗೆಗೆ ಬೋಲ್ಟ್ ಮಾಡಿದ್ದಲ್ಲ, ಫ್ರೇಮಿಗೇ ವೆಲ್ಡ್ ಆಗಿರಬೇಕು. ಬಗ್ಗಿ ಕೆಳಗಿನಿಂದ ನೋಡಿದರೆ ಗೊತ್ತಾಗುತ್ತದೆ. ಟ್ರೇಲರ್‌ನ ಮುಂದಿನ ಅಂಚಿನಲ್ಲಿ ಒಂದು ವಿಂಚು ಕೂರಿಸಲು ಜಾಗ ಇದೆಯಾ ಅಂತಲೂ ನೋಡಿ. ಯಾಕೆ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಮೂತಿಯ ಭಾರ

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ಕಳೆಯುವುದು ಇಲ್ಲಿ. ಟ್ರೇಲರ್ ಮೂತಿ ಗಾಡಿಯ ಬಾಲ್ (ಹಿಚ್‌ನ ಕಬ್ಬಿಣದ ಗುಂಡು) ಮೇಲೆ ಹಾಕುವ ಭಾರಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಈ ಥರದ ಭಾರಿ ಟ್ರೇಲರ್‌ಗೆ ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. ಯುರೋಪಿನ ಗಾಡಿಗಳಲ್ಲಿ ಬಾಲ್ ಮೇಲಿನ ಮಿತಿಯೇ ಕಡಿಮೆ, ಅಲ್ಲಿ ಶೇಕಡಾ 5-7ರ ಲೆಕ್ಕ ನಡೆಯುತ್ತದೆ, ವೇಗವೂ ಕಡಿಮೆ. ಮೂತಿ ಹಗುರವಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಲಾರಿ ಪಕ್ಕದಲ್ಲಿ ಹಾದುಹೋದಾಗ ಒಂದು ಸಣ್ಣ ತಳ್ಳು, ಆಮೇಲೆ ಎಡ, ಬಲ, ಪ್ರತಿ ಸಲವೂ ಇನ್ನಷ್ಟು ಜೋರು. ಮೂತಿ ಅತಿ ಭಾರವಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಬೇಗ ಮಾತು ಕೇಳುವುದಿಲ್ಲ.

ಅಳೆಯುವುದು ಕಷ್ಟವಲ್ಲ. ವೇಬ್ರಿಡ್ಜ್‌ನಲ್ಲಿ ಮೂರು ಸಲ ತೂಗಿಸಿ. ಮೊದಲು ಬರೀ ಗಾಡಿ, ಹೋಗುವ ಜನ ಮತ್ತು ಸಾಮಾನು ಸಮೇತ. ನನ್ನದು 3,250 ಕೆಜಿ. ಎರಡನೇ ಸಲ ಟ್ರೇಲರ್ ಸಿಕ್ಕಿಸಿ, ಗಾಡಿಯ ಚಕ್ರ ಮಾತ್ರ ತಟ್ಟೆ ಮೇಲೆ, ಟ್ರೇಲರ್ ಚಕ್ರ ಹೊರಗೆ. ಈಗ 3,660. ವ್ಯತ್ಯಾಸ 410, ಅದೇ ಮೂತಿಯ ಭಾರ. ಮೂರನೇ ಸಲ ಎಲ್ಲ ಚಕ್ರವೂ ತಟ್ಟೆ ಮೇಲೆ: 6,650. ಅದರಲ್ಲಿ 3,250 ಕಳೆದರೆ ಟ್ರೇಲರ್, ಅದರ ಮೇಲಿನ ವಿಂಚು-ಸ್ಟೆಪ್ನಿ, ರಿಗ್ ಎಲ್ಲ ಸೇರಿ 3,400. ಅಂದರೆ 410 ಅನ್ನುವುದು ಶೇಕಡಾ 12. ನನಗೆ ಬೇಕಾದದ್ದು ಅಷ್ಟೇ. ಭಾರ ಹಂಚುವ ಹಿಚ್ ಹಾಕಿದ್ದರೆ ಅದರ ಸರಳುಗಳನ್ನು ಬಿಗಿಯದೆ ಈ ತೂಕ ತೆಗೆಯಿರಿ, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಭಾರ ಕಡಿಮೆ ಬಂದರೆ ರಿಗ್ ಅನ್ನು ಮುಂದೆ ಸರಿಸಬೇಕು, ಜಾಸ್ತಿ ಬಂದರೆ ಹಿಂದೆ. ಎಷ್ಟು? ರಿಗ್‌ನ ತೂಕವನ್ನು ಸರಿಸುವ ದೂರದಿಂದ ಗುಣಿಸಿ, ಬಾಲ್‌ನಿಂದ ಎರಡು ಆಕ್ಸಲ್‌ಗಳ ನಟ್ಟನಡುವಿನವರೆಗಿನ ದೂರದಿಂದ ಭಾಗಿಸಿ. ನನ್ನ ಟ್ರೇಲರ್‌ನಲ್ಲಿ ಆ ದೂರ 4 ಮೀಟರ್. 10 ಸೆಂಟಿಮೀಟರ್ ಸರಿಸಿದರೆ ಸುಮಾರು 60 ಕೆಜಿ ಬದಲಾಗುತ್ತದೆ. ಒಂದು ಗೇಣೂ ಇಲ್ಲದ ದೂರ, ಒಬ್ಬ ಮನುಷ್ಯನ ತೂಕ! ಅದಕ್ಕೇ "ಇಲ್ಲೇ ಎಲ್ಲೋ ನಿಲ್ಲಿಸಿದರಾಯಿತು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ತೂಕ ಸರಿ ಬಂದ ಕ್ಷಣ ಮುಂದಿನ ಟೈರು ಎಲ್ಲಿ ಮುಟ್ಟಿದೆಯೋ ಅಲ್ಲಿ ಹಲಗೆ ಮೇಲೆ ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ಎಡಕ್ಕೊಂದು, ಬಲಕ್ಕೊಂದು. ನನ್ನ ತಂಗಿ ಮುಂದೆ ನಿಂತು ಕೈ ತೋರಿಸುತ್ತಾಳೆ, ಟೈರು ಗೆರೆ ಮುಟ್ಟಿದ ಕೂಡಲೇ ಮುಷ್ಟಿ ಹಿಡಿಯುತ್ತಾಳೆ. ಮತ್ತೆ ಮತ್ತೆ ತೂಗಿಸುವ ಕೆಲಸವೇ ಇಲ್ಲ. ರಿಗ್‌ಗೆ ಹೊಸ ಸಾಮಾನು ಸೇರಿದರೆ ಮಾತ್ರ ಗೆರೆ ಹೊಸದಾಗಿ ಹಾಕಬೇಕು.

ಈಗ ಗಾಡಿ

ಒಟ್ಟು 3,400 ಕೆಜಿ ಅಂತ ಗೊತ್ತಾಯಿತು. ಜಾಹೀರಾತಿನಲ್ಲಿ 4,500 ಕೆಜಿ ಎಳೆಯುತ್ತೆ ಅನ್ನುವ ಪಿಕಪ್ ಸಿಗುತ್ತದೆ. ಸಾಕು ಅನಿಸುತ್ತದೆ, ಅಲ್ವಾ? ಚಾಲಕನ ಬಾಗಿಲು ತೆಗೆದು, ಕಂಬದ ಮೇಲೆ ಅಂಟಿಸಿರುವ ಸ್ಟಿಕ್ಕರ್ ಓದಿ. ಗಾಡಿ ಹೊರಬಹುದಾದ ಭಾರ, ಅಂದರೆ ಪೇಲೋಡ್, ಅಲ್ಲಿರುತ್ತದೆ. ನೇರವಾಗಿ ಬರೆದಿಲ್ಲದಿದ್ದರೆ ಗರಿಷ್ಠ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಸೌಕರ್ಯ ಜಾಸ್ತಿ ಇರುವ ಮಾಡೆಲ್‌ಗಳಲ್ಲಿ ಅದು 650 ಕೆಜಿಯ ಆಸುಪಾಸಿಗೆ ಇಳಿದಿರುವುದುಂಟು. ಗಾಜಿನ ಛಾವಣಿ, ಕರೆಂಟಿನ ಸೀಟು ಎಲ್ಲವೂ ಅದರಿಂದಲೇ ತಿನ್ನುತ್ತವೆ.

ಈಗ ಕೂಡಿಸಿ. ಮೂತಿಯ ಭಾರ 410. ಹಿಚ್ ಸಾಮಾನು 40. ಇಬ್ಬರು ಮನುಷ್ಯರು 150. ಟೆಂಟು, ನೀರು, ಬ್ಯಾಗು 80. ಒಟ್ಟು 680. ಎಳೆಯುವ ಶಕ್ತಿಯಲ್ಲಿ ಇನ್ನೂ ಒಂದು ಟನ್‌ಗಿಂತ ಜಾಸ್ತಿ ಉಳಿದಿರುವಾಗಲೇ ಹೊರುವ ಶಕ್ತಿ ಮುಗಿದುಹೋಯಿತು! ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಕೂತರೆ ಕೇಳುವುದೇ ಬೇಡ. ರಿಗ್ ಎಳೆಯುವವರು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಆದ್ದರಿಂದ ಗಾಡಿ ಹುಡುಕುವಾಗ ಮೊದಲು ಪೇಲೋಡ್ ನೋಡಿ, ಎಳೆಯುವ ಅಂಕಿ ಆಮೇಲೆ. ನನ್ನಂಥ ಭಾರಕ್ಕೆ 1,000 ಕೆಜಿಗಿಂತ ಕಡಿಮೆ ಪೇಲೋಡ್ ಇರುವ ಗಾಡಿಯನ್ನು ನಾನು ನೋಡುವುದೂ ಇಲ್ಲ. ಒಂದು ಎಚ್ಚರಿಕೆ: ಯುರೋಪಿನ ಲೆಕ್ಕದಲ್ಲಿ ಚಾಲಕನ 75 ಕೆಜಿ ಖಾಲಿ ತೂಕದಲ್ಲೇ ಸೇರಿರುತ್ತದೆ, ಅಮೆರಿಕದ ಲೆಕ್ಕದಲ್ಲಿ ಸೇರಿರುವುದಿಲ್ಲ.

ಹಿಂದಿನ ಸ್ಪ್ರಿಂಗ್‌ಗೆ ಏರ್ ಬ್ಯಾಗ್ ಹಾಕಿಸಿದರೆ ಗಾಡಿ ಮಟ್ಟಕ್ಕೆ ಬರುತ್ತದೆ, ನಿಜ. ಆದರೆ ಆಕ್ಸಲ್, ಟೈರು, ಬ್ರೇಕಿನ ಮಿತಿ ಒಂದು ಕೆಜಿಯೂ ಹೆಚ್ಚುವುದಿಲ್ಲ. ಕಣ್ಣಿಗೆ ಕಾಣುವ ಕುಸಿತವಷ್ಟೇ ಮಾಯವಾಗುತ್ತದೆ.

ಹಾಗಂತ ಎಳೆಯುವ ಅಂಕಿ ಬರೀ ಬೂಟಾಟಿಕೆ ಅಂತಲ್ಲ. ಎಸ್‌ಎಇ ಜೆ2807 ಅನ್ನುವ, ವಾಹನ ಎಂಜಿನಿಯರುಗಳ ಸಂಘದ ಮಾನದಂಡದ ಪ್ರಕಾರ ಪರೀಕ್ಷಿಸಿದ ಅಂಕಿಗೆ ಬೆಲೆ ಇದೆ. ಅಮೆರಿಕದ ಆರಿಜೋನಾದಲ್ಲಿ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಮೀ ಏರನ್ನು ಎಸಿ ಪೂರ್ತಿ ಹಾಕಿಕೊಂಡು, ಹಿಂದೆ ಪ್ರತಿ ಪಕ್ಕಕ್ಕೆ ಒಂದೇ ಚಕ್ರ ಇರುವ ಪಿಕಪ್ ಆದರೆ ಗಂಟೆಗೆ 64 ಕಿಮೀಗಿಂತ ಕೆಳಗಿಳಿಯದೆ ಹತ್ತಬೇಕು ಅನ್ನುವುದು ಅದರ ಒಂದು ಷರತ್ತು. ಆದರೆ ಆ ಪರೀಕ್ಷೆಯಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯುವುದು ತಲಾ 68 ಕೆಜಿಯ ಇಬ್ಬರನ್ನು. ನಿಮ್ಮ ಮನೆಮಂದಿ, ನಿಮ್ಮ ಸಾಮಾನು ಅದರಲ್ಲಿಲ್ಲ.

ಪೇಲೋಡ್ ಸರಿ ಇದ್ದ ಮೇಲೆ ನಾನು ನೋಡುವುದು ಗಾಡಿಯ ಉದ್ದ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ದೂರ ಜಾಸ್ತಿ ಇದ್ದಷ್ಟೂ, ಹಿಂದಿನ ಚಕ್ರದಿಂದ ಬಾಲ್‌ವರೆಗಿನ ದೂರ ಕಡಿಮೆ ಇದ್ದಷ್ಟೂ ಟ್ರೇಲರ್‌ಗೆ ಗಾಡಿಯನ್ನು ಅಲ್ಲಾಡಿಸುವುದು ಕಷ್ಟ. ಗಿಡ್ಡ ಎಸ್‌ಯುವಿಗೆ ಎಷ್ಟೇ ಜೋರಾದ ಎಂಜಿನ್ ಇದ್ದರೂ ಉದ್ದ ಟ್ರೇಲರ್ ಮುಂದೆ ಅದು ಪುಕ್ಕಲು. ಗೇರ್‌ಬಾಕ್ಸ್ ಎಣ್ಣೆಗೆ ಬೇರೆ ಕೂಲರ್ ಇರಲಿ, ಬಿಸಿ ತೋರಿಸುವ ಗೇಜ್ ಇರಲಿ. ಎತ್ತರದ ಜಾಗಕ್ಕೆ ಹೋಗುವವರಾದರೆ ಟರ್ಬೊ ಇರುವ ಎಂಜಿನ್ನೇ ಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,400 ಮೀಟರ್ ಎತ್ತರದಲ್ಲಿ ಕಾಲು ಭಾಗ ಹೋಯಿತು ಅಂತಲೇ ಲೆಕ್ಕ. ಡೀಸೆಲ್ಲಾ ಪೆಟ್ರೋಲಾ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ಬಿಗಿದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಸಾಧನ) ಇರುವ ಡೀಸೆಲ್ ಗಾಡಿಯಲ್ಲಿ ಉದ್ದದ ಇಳಿಜಾರು ಇಳಿದವರಿಗೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ.

ಹಿಚ್ ಮತ್ತು ಬ್ರೇಕ್

ಹಿಚ್, ಬಾಲ್ ಕೂರಿಸುವ ಬಾಲ್ ಮೌಂಟ್, ಬಾಲ್, ಅದರ ಮೇಲೆ ಕೂರುವ ಟ್ರೇಲರ್ ಮೂತಿಯ ಕಪ್ಲರ್, ಸರಪಳಿ ಪ್ರತಿಯೊಂದಕ್ಕೂ ಅದರದೇ ಮಿತಿ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ಇಡೀ ಜೋಡಿಯ ಮಿತಿ. ಬಾಲ್ ಅಳತೆಯಲ್ಲಿ ಚೌಕಾಸಿ ಬೇಡ. 50 ಮಿಲಿಮೀಟರ್ ಮತ್ತು 2 ಇಂಚು ನೋಡಲು ಒಂದೇ ಥರ, ಆದರೆ 2 ಇಂಚು ಅಂದರೆ 50.8. 50ರ ಕಪ್ಲರ್ ಅದರ ಮೇಲೆ ಪೂರ್ತಿ ಕೂರದೇ ಇರಬಹುದು. ಕೂತಿದೆಯಾ ಅಂತ ಗೊತ್ತಾಗಬೇಕಾದರೆ ಲಾಕ್ ಹಾಕಿದ ಮೇಲೆ ಮೂತಿಯ ಜಾಕ್ ಎತ್ತಿ. ಗಾಡಿಯ ಹಿಂಭಾಗವೂ ಜೊತೆಗೇ ಮೇಲೆದ್ದರೆ ಸರಿ. ಸರಪಳಿ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿ, ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಅದರ ಮೇಲೆ ಕೂರುತ್ತದೆ. ಸಿಕ್ಕಿಸಿದ ಟ್ರೇಲರ್ ನೆಲಕ್ಕೆ ಸಮನಾಗಿರಲಿ, ಗಾಡಿಯ ಎತ್ತರಕ್ಕೆ ತಕ್ಕ ಬಾಲ್ ಮೌಂಟ್ ಆರಿಸಿ.

ಬ್ರೇಕ್ ವಿಷಯಕ್ಕೆ ಬಂದರೆ ನನಗೆ ರಾಜಿಯೇ ಇಲ್ಲ. 90 ಕಿಮೀ ವೇಗದಲ್ಲಿ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಾಖಕ್ಕಿಂತ 110ರಲ್ಲಿ ಹತ್ತಿರಹತ್ತಿರ ಒಂದೂವರೆ ಪಟ್ಟು ಬೇಕು. ಆರೂವರೆ ಟನ್‌ಗೆ ಅದು ಸಣ್ಣ ಮಾತಲ್ಲ. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್, ಗಾಡಿಯೊಳಗೆ ಪ್ರೊಪೋರ್ಷನಲ್ ಕಂಟ್ರೋಲರ್ ನನ್ನ ಆಯ್ಕೆ. ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅಂತ ತಿಳಿದು ಅದು ಟ್ರೇಲರ್‌ಗೂ ಅಷ್ಟೇ ಬ್ರೇಕ್ ಕೊಡುತ್ತದೆ. ಬರೀ ಟೈಮರ್ ಮೇಲೆ ನಡೆಯುವ ಅಗ್ಗದ ಕಂಟ್ರೋಲರ್ ಮೆಲ್ಲಗೆ ಒತ್ತಿದಾಗಲೂ ಜೋರಾಗಿ ಒತ್ತಿದಾಗಲೂ ಒಂದೇ ಥರ ವರ್ತಿಸುತ್ತದೆ. ಒಣ ರಸ್ತೆಯಲ್ಲಿ, ಗಂಟೆಗೆ 40 ಕಿಮೀ ವೇಗದಲ್ಲಿ, ಕಂಟ್ರೋಲರ್‌ನಲ್ಲಿ ಕೈಯಿಂದ ಅದುಮುವ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗುವವರೆಗೆ ಕಂಟ್ರೋಲರ್‌ನ ಸೆಟ್ಟಿಂಗ್ ಸ್ವಲ್ಪ ಸ್ವಲ್ಪ ಏರಿಸಿ, ಲಾಕ್ ಆದ ಕೂಡಲೇ ಒಂದು ಹಂತ ಇಳಿಸಿ. ರಿಗ್ ಹತ್ತಿಸಿದಾಗ ಒಂದು ಸೆಟ್ಟಿಂಗ್, ಖಾಲಿ ಟ್ರೇಲರ್‌ಗೆ ಇನ್ನೊಂದು.

ಆ ಲಿವರ್ ಎಲ್ಲಿದೆ ಅಂತ ಕಣ್ಣಿಂದ ನೋಡದೆಯೇ ಕೈಗೆ ಗೊತ್ತಿರಬೇಕು. ಟ್ರೇಲರ್ ಬಾಲ ಬೀಸಲು ಶುರು ಮಾಡಿದರೆ ಕಾಲಿನ ಬ್ರೇಕ್ ಒತ್ತಬೇಡಿ. ಆಕ್ಸಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಟ್ರೇಲರ್ ಹಿಂದಕ್ಕೆ ಜಗ್ಗಿ ತಾನೇ ನೇರವಾಗುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್ ಮತ್ತು ಅದರ ಬ್ಯಾಟರಿಯನ್ನು ಹೊರಡುವ ಮೊದಲು ಪರೀಕ್ಷಿಸಿ. ವೈರಿನ ಪ್ಲಗ್ ತೆಗೆದು, ಪಿನ್ ಎಳೆದು, ಗಾಡಿ ಮುಂದೆ ಬಿಟ್ಟರೆ ಟ್ರೇಲರ್ ಚಕ್ರ ತಿರುಗಬಾರದು. ದೀಪ ಮಿಣುಕಿದರೆ ಮೊದಲು ಅರ್ತ್ ವೈರ್ ನೋಡಿ, ಮುಕ್ಕಾಲು ಪಾಲು ತೊಂದರೆ ಅಲ್ಲೇ.

ಟ್ರೇಲರ್ ಇಲ್ಲದೆ ಎಳೆಯಬಾರದಾ?

ಎಳೆಯಬಹುದು. ರಿಗ್‌ನ ನಾಲ್ಕೂ ಚಕ್ರ ರಸ್ತೆ ಮೇಲೆ, ಮುಂದೆ ಗಾಡಿಗೆ ಸಿಕ್ಕಿಸುವ ಕಬ್ಬಿಣದ ಟೋ ಬಾರ್. ಟ್ರೇಲರ್‌ನ ಒಂದು ಟನ್ ಉಳಿಯುತ್ತದೆ. ಆದರೆ ಟ್ರಾನ್ಸ್‌ಫರ್ ಕೇಸ್‌ನಲ್ಲಿ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ನಿಜವಾದ ನ್ಯೂಟ್ರಲ್ ಇರಬೇಕು. ಇಲ್ಲದಿದ್ದರೆ ಚಕ್ರದ ಜೊತೆ ಗೇರ್‌ಬಾಕ್ಸ್ ಒಳಗೂ ತಿರುಗುತ್ತದೆ, ಎಂಜಿನ್ ನಿಂತಿರುವುದರಿಂದ ಅದರ ಪಂಪ್ ಎಣ್ಣೆ ಕಳಿಸುವುದಿಲ್ಲ, ಒಣಗಿ ಸುಟ್ಟುಹೋಗುತ್ತದೆ. ನಿಮ್ಮ ರಿಗ್‌ನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ ಮಾತು. ರಿವರ್ಸ್ ತೆಗೆಯಲು ಆಗುವುದಿಲ್ಲ. ಸ್ಟಿಯರಿಂಗ್ ಜಾಯಿಂಟ್ ಸವೆದಿದ್ದರೆ ದಪ್ಪ ಟೈರು ಗಡಗಡ ನಡುಗುತ್ತದೆ. ಮುರಿದ ಆಕ್ಸಲ್‌ನ ರಿಗ್ ಅನ್ನು ಹೀಗೆ ಮನೆಗೆ ತರಲಾಗುವುದಿಲ್ಲ. ನನಗೆ ಈ ಒಂದು ಕಾರಣವೇ ಸಾಕು.

ಕಟ್ಟುವುದು, ಹತ್ತಿಸುವುದು

ರಿಗ್ ಅನ್ನು ಬಾಡಿಯಿಂದ ಕೆಳಗೆ ಎಳೆದು ಕಟ್ಟಬೇಡಿ. ಉದ್ದ ಸ್ಪ್ರಿಂಗ್ ಇರುವ ಗಾಡಿ ಅದು. ಹಳ್ಳ ಸಿಕ್ಕಾಗ ಇನ್ನಷ್ಟು ಕುಗ್ಗುತ್ತದೆ, ಸ್ಟ್ರ್ಯಾಪ್ ಒಂದು ಕ್ಷಣ ಸಡಿಲವಾಗುತ್ತದೆ, ಕೊಂಡಿ ಕಳಚಬಹುದು. ಆಕ್ಸಲ್‌ಗೆ ಕಟ್ಟಿ, ಇಲ್ಲವೇ ಟೈರಿನ ಮೇಲೆ ಬಲೆ ಥರ ಹಾಕುವ ಸ್ಟ್ರ್ಯಾಪ್ ಬಳಸಿ. ಮೇಲೆ ಬಾಡಿ ಎಷ್ಟಾದರೂ ಕುಣಿಯಲಿ, ಚಕ್ರ ಅಲ್ಲಾಡುವುದಿಲ್ಲ. ಆಕ್ಸಲ್‌ಗೆ ಸುತ್ತುವಾಗ ಬ್ರೇಕ್ ಪೈಪ್ ಅಡಿ ಸಿಕ್ಕಿದೆಯಾ ಅಂತ ಬೆರಳಿನಿಂದ ತಡವಿ ನೋಡಿ.

ಸ್ಟ್ರ್ಯಾಪ್ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿ ಅದು ಹರಿಯುವ ಭಾರ. ನಂಬಬಹುದಾದ ಕೆಲಸದ ಭಾರ ಅದರ ಮೂರನೇ ಒಂದು ಭಾಗ. ಎರಡು ಇಂಚು ಅಗಲದ ಒಳ್ಳೆ ರಾಚೆಟ್ ಸ್ಟ್ರ್ಯಾಪ್‌ಗೆ ಅದು ಸುಮಾರು 1,500 ಕೆಜಿ. ಸರಕು ಕಟ್ಟುವ ನಿಯಮಗಳು ಜೋರು ಬ್ರೇಕ್ ಹಾಕಿದಾಗ ಮುಂದಕ್ಕೆ ತೂಕದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ತಳ್ಳು ಬರುತ್ತದೆ ಅಂತ ಹಿಡಿಯುತ್ತವೆ. ಮುಂದೆ ಹೋಗದಂತೆ ತಡೆಯುವುದು ಹಿಂದಕ್ಕೆ ಎಳೆದು ಕಟ್ಟಿದ ಸ್ಟ್ರ್ಯಾಪ್‌ಗಳು. ಆ ಎರಡರ ಕೆಲಸದ ಭಾರ ಕೂಡಿಸಿದರೆ ರಿಗ್‌ನ ಪೂರ್ತಿ ತೂಕಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ನನ್ನ ಪದ್ಧತಿ. 2,350ಕ್ಕೆ 3,000. ಮುಂದೆಯೂ ಹಾಗೇ ಎರಡು. ಅಂಚು ಹರಿದ ಸ್ಟ್ರ್ಯಾಪ್ ಕಂಡರೆ ಕತ್ತರಿಸಿ ಎಸೆಯಿರಿ. ಹಾಗೇ ಎತ್ತಿಟ್ಟರೆ ಯಾರೋ ಮತ್ತೆ ಬಳಸುತ್ತಾರೆ.

ಇನ್ನು ವಿಂಚಿನ ಮಾತು. ಕೆಟ್ಟ ರಿಗ್ ತಾನಾಗಿ ರ‍್ಯಾಂಪ್ ಹತ್ತುವುದಿಲ್ಲ. ರಿಗ್‌ನದೇ ವಿಂಚ್ ಇದೆಯಲ್ಲ ಅನ್ನುತ್ತಾರೆ. ಬ್ಯಾಟರಿ ಸತ್ತಿದ್ದರೆ? ಮುಂಭಾಗ ಜಜ್ಜಿಹೋಗಿದ್ದರೆ? ಟ್ರೇಲರ್‌ಗೆ ಅದರದೇ ವಿಂಚು, ಅದಕ್ಕೆ ಅದರದೇ ಬ್ಯಾಟರಿ ಇರಲಿ. ಜೊತೆಗೆ ಒಂದು ಸ್ನ್ಯಾಚ್ ಬ್ಲಾಕ್ (ಹಗ್ಗ ಹಾಯಿಸುವ ರಾಟೆ) ಇದ್ದರೆ ಎಳೆಯುವ ಬಲ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತಿರುಗದ ಚಕ್ರದ ಕೆಳಗೆ ತಳ್ಳಲು ಎರಡು ನುಣುಪಾದ ಪ್ಲಾಸ್ಟಿಕ್ ಹಲಗೆ ಇಟ್ಟುಕೊಳ್ಳಿ, ರಬ್ಬರ್ ಕಚ್ಚದೆ ಜಾರಿಕೊಂಡು ಮೇಲೆ ಬರುತ್ತದೆ. ಹಗ್ಗ ಬಿಗಿಯಾದಾಗ ಅದರ ಸಾಲಿನಲ್ಲಿ ಯಾರೂ ನಿಲ್ಲಬಾರದು. ರಿಗ್ ಮೂತಿಯ ಕಡೆ ಹತ್ತುತ್ತಿರುವಾಗ ಟ್ರೇಲರ್ ಗಾಡಿಗೆ ಸಿಕ್ಕಿಸಿಯೇ ಇರಬೇಕು, ಇಲ್ಲದಿದ್ದರೆ ಹಿಂಬದಿಯ ಭಾರಕ್ಕೆ ಮೂತಿ ಗಾಳಿಗೆ ಏಳುತ್ತದೆ.

ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಒಂದು ಸಲ ನಿಲ್ಲಿಸಿ. ಸ್ಟ್ರ್ಯಾಪ್ ಸ್ವಲ್ಪ ಹಿಗ್ಗಿರುತ್ತದೆ, ರಾಚೆಟ್ ಒಂದೆರಡು ಹಲ್ಲು ಬಿಗಿಯಿರಿ. ಟ್ರೇಲರ್‌ನ ನಾಲ್ಕೂ ಹಬ್ ಹತ್ತಿರ ಕೈ ಹಿಡಿಯಿರಿ. ಎಲ್ಲವೂ ಒಂದೇ ಥರ ಬೆಚ್ಚಗಿದ್ದರೆ ಸರಿ, ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಟ್ರೇಲರ್ ಟೈರು ಓಡಿ ಸವೆಯುವುದಕ್ಕಿಂತ ನಿಂತು ಹಳತಾಗುವುದೇ ಜಾಸ್ತಿ. ಪಕ್ಕದ ಗೋಡೆ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದಾರು ವರ್ಷ ದಾಟಿದ್ದರೆ ಗೀರು ಎಷ್ಟೇ ಚೆನ್ನಾಗಿ ಕಂಡರೂ ನಾನು ಬದಲಾಯಿಸುತ್ತೇನೆ. ಹೊಸ ಚಕ್ರ ಹಾಕಿದ ಮೇಲೆ ಎಂಬತ್ತು ಕಿಲೋಮೀಟರ್ ಓಡಿಸಿ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಯಿರಿ.

ಟ್ರೇಲರ್‌ಗೂ ಸ್ಟೆಪ್ನಿ ಬೇಕು. ರಿಗ್‌ನ ಜಾಕು ಟ್ರೇಲರ್ ಆಕ್ಸಲ್ ಕೆಳಗೆ ಕೂರುತ್ತಾ, ಗಾಡಿಯ ಪಾನೆ ಟ್ರೇಲರ್ ನಟ್‌ಗೆ ಹಿಡಿಯುತ್ತಾ ಅಂತ ಮನೆಯಲ್ಲೇ, ರಿಗ್ ಹತ್ತಿಸಿದ ಸ್ಥಿತಿಯಲ್ಲೇ, ಒಂದು ಚಕ್ರ ಬಿಚ್ಚಿ ಹಾಕಿ ನೋಡಿ.